‘ಕತ್ತಲ ಕೂಸು’ ಲೇಖನದ ಬಗ್ಗೆ

ಮಾನ್ಯರೇ,

ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿರುವ ಕುರುಡು ಸಿಗಡಿಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಕೈಬಿಡಲೂ ಮನಸ್ಸಾಗದ ಕಾರಣ ತುಸು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳ ತುಂಬ ಅದರ ಕುರುಡುತನಕ್ಕಾಗಿ ಮರುಗಿದ್ದೀರಿ. ಕಣ್ಣು ಕಳೆದುಕೊಂಡವರ ದುಃಖವನ್ನು ಬೆಳಕನ್ನೇ ಅರಿಯದ ಜೀವಿಯ ಮೇಲೆ ಹೊರಿಸುವುದು ಸರಿಯಲ್ಲ. ‘ಬಳಸದೆ ಬಳಸದೆ ಕಣ್ಣು ಸವೆದುಹೋಯಿತು’ ಎಂಬ ವಾಕ್ಯವಂತೂ ತಪ್ಪು: ಒಂದು ಪ್ರಾಣಿಯ ಬಾಳಿನಲ್ಲಾದ ಸವೆತ ಅದರ ಮರಿಗೆ ದಾಟುವುದಿಲ್ಲ, ಕಣ್ಣಿನಿಂದ ಪ್ರಯೋಜನವಿಲ್ಲದ ಕಡೆ, ಅದನ್ನು ಕುಂದಿಸುವ ಆನುವಂಶಿಕ ಬದಲಾವಣೆಗಳು ಅಡ್ಡಿಯಿಲ್ಲದೆ ತಲೆಮಾರುಗಳಲ್ಲಿ ಉಳಿದುಬರುತ್ತವೆ. ಆಡುಮಾತಿನಲ್ಲಿ ‘ಸಿಗಡಿ ಮೀನು’ ಎನ್ನುತ್ತೇವಾದರೂ ಇದು ಏಡಿಯ ಬಳಗಕ್ಕೆ ಸೇರಿದ ಕಠಿಣಚರ್ಮಿ ಎಂಬುದನ್ನೂ ಗಮನಿಸಿ.

ಹೆಚ್ಚೆಂದರೆ ಮೂರು ಸೆಂಟಿಮೀಟರ್ ಉದ್ದದ, ಗಾಜಿನಂಥ ಆ ಜೀವಿ ಚಿಮುಟದ ತುದಿಯ ರೋಮಗುಚ್ಛಗಳಿಂದ ತಳದ ಮೆಕ್ಕಲನ್ನು ಗುಡಿಸಿ ಬಾಯಿಗಿಟ್ಟುಕೊಳ್ಳುವುದನ್ನು ಮೂರನೆಯ ಪುಟದಲ್ಲಿ ನಾಲ್ಕೇ ಸಾಲುಗಳಲ್ಲಿ ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ಸಿಗಡಿ ಕಂಡದ್ದು ಅಲ್ಲಿ ಮಾತ್ರ. ಆ ಮೆಕ್ಕಲು ಎಲ್ಲಿಂದ ಬಂತೆಂದು ಕೇಳಿಕೊಂಡಿದ್ದರೆ ನಿಮಗೆ ನಿಜವಾದ ವಸ್ತು ದಕ್ಕುತ್ತಿತ್ತು. ಬೆಳಕಿಲ್ಲದಲ್ಲಿ ಹಸಿರು ಬೆಳೆಯದು. ಆದ್ದರಿಂದ ಮೇಲಿನ ನೆಲದ ಎಲೆಚೂರು, ಕೊಳೆತ ಕಸಕಡ್ಡಿಗಳೇ ಮಳೆನೀರಿನೊಡನೆ ಸುಣ್ಣಕಲ್ಲಿನ ಕುಳಿಗಳ ಮೂಲಕ ಇಳಿದು, ಗುಹೆಯ ತೀರಾ ಕೆಳಗಿನ ಹೊಳೆಗಳನ್ನು ಸೇರಿ, ಸೂಕ್ಷ್ಮಜೀವಿಗಳಿಗೂ ಅವುಗಳ ಮೂಲಕ ಸಿಗಡಿಗೂ ಆಹಾರವಾಗುತ್ತವೆ. ಅದೇ ದಾರಿಯಲ್ಲಿ ಚರಂಡಿನೀರೂ ರಸ್ತೆಯಲ್ಲಿ ಚೆಲ್ಲಿದ ಎಣ್ಣೆಯೂ, ಮಣ್ಣಿನಲ್ಲಿ ಸರಿಯಾಗಿ ಸೋಸಿಹೋಗದೆ, ನೇರವಾಗಿ ಇಳಿಯಬಲ್ಲವು. 1983ರಲ್ಲಿ ಈ ಸಿಗಡಿಯನ್ನು ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿದುದನ್ನು ತಿಳಿಸಿದ ನೀವು, ಕಾರಣ ಹೇಳಬೇಕಾದಲ್ಲಿ ‘ಮನುಷ್ಯನ ದುರಾಸೆ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ.

ಗ್ರೀನ್ ನದಿಯ ಆರನೆಯ ಸಂಖ್ಯೆಯ ಅಣೆಕಟ್ಟಿನ ಪ್ರಸ್ತಾಪವೇ ಇಲ್ಲದಿರುವುದು ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆಯಾಗಿ ಕಂಡಿತು. ಗುಹೆಯ ಹೊಳೆಗಳು ಆ ನದಿಯನ್ನೇ ಸೇರುವುದರಿಂದ, ದೋಣಿ ಸಂಚಾರಕ್ಕೆಂದು ಕಟ್ಟಿದ ಅಣೆಕಟ್ಟಿನ ಹಿನ್ನೀರು ನೆಲದಡಿಗೂ ಒತ್ತಿ, ಅಲ್ಲಿನ ಹರಿವನ್ನು ನಿಧಾನಗೊಳಿಸಿ ಹೂಳು ತುಂಬಿಸಿತು. 2017ರಲ್ಲಿ ಅಣೆಕಟ್ಟನ್ನು ತೆಗೆದುಹಾಕಲಾಯಿತು. ಇದಕ್ಕೆ ಕನಿಷ್ಠ ಒಂದು ಪುಟ ಮೀಸಲಿಡಿ.

ಮೊದಲ ಎರಡು ಪುಟಗಳನ್ನೂ ಶೀರ್ಷಿಕೆಯನ್ನೂ ದಯವಿಟ್ಟು ಬಿಟ್ಟುಬಿಡಿ. ಮೂರನೆಯ ಪುಟದ ಆ ನಾಲ್ಕು ಸಾಲುಗಳಿಂದ ಆರಂಭಿಸಿ, ಮೆಕ್ಕಲಿನ ಜಾಡು ಹಿಡಿದು ಮೇಲಿನ ನೆಲದವರೆಗೆ ಬನ್ನಿ. ತಿದ್ದಿದ ಪ್ರತಿಯನ್ನು ನಾನೇ ಓದುತ್ತೇನೆ.

ಇತಿ,
ಸಂಪಾದಕ