ಜಪಾನಿನ ಚಕ್ರವರ್ತಿಯನ್ನು ಹೆಸರು ಹಿಡಿದು ಕರೆಯಬಹುದಾ?

ಬೇಡ. ನಮ್ಮ ಸುದ್ದಿಯಲ್ಲಿ ‘ಚಕ್ರವರ್ತಿ ನರುಹಿಟೊ’ ಎಂದು ಬರುತ್ತದೆ, ಆದರೆ ಜಪಾನೀಯರು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಅವರನ್ನು ‘ತೆನ್ನೋ ಹೇಕಾ’ ಎನ್ನುತ್ತಾರೆ (ತೆನ್ನೋ ಎಂದರೆ ಚಕ್ರವರ್ತಿ, ಹೇಕಾ ಗೌರವದ ಬಿರುದು), ಎದುರಿಗೆ ಮಾತಾಡುವಾಗ ಬರೀ ‘ಹೇಕಾ’ ಸಾಕು. ಅವರ ಪತ್ನಿ ಮಸಾಕೊ ‘ಕೋಗೋ ಹೇಕಾ’.

1947ರ ರಾಜಮನೆತನದ ಕಾನೂನಿನಲ್ಲಿ ಇದೆಲ್ಲ ಬರೆದೇ ಇದೆ. ಹೇಕಾ ಎನ್ನುವ ಗೌರವ ಚಕ್ರವರ್ತಿಗೆ, ಅವರ ಪತ್ನಿಗೆ, ಹಿಂದಿನ ಚಕ್ರವರ್ತಿಗಳ ವಿಧವೆಯರಿಗೆ ಮಾತ್ರ. ಮನೆತನದ ಉಳಿದವರೆಲ್ಲ ‘ದೆಂಕಾ’. 2019ರಲ್ಲಿ ನರುಹಿಟೊ ಅವರ ತಂದೆ ಅಕಿಹಿಟೊ ಪಟ್ಟ ಬಿಡಲು ಬೇರೆಯೇ ಕಾನೂನು ಮಾಡಬೇಕಾಯಿತು, ಅದರಿಂದ ಅವರು ‘ಜೋಕೋ’ (ಪಟ್ಟ ಬಿಟ್ಟ ಚಕ್ರವರ್ತಿ) ಆದರು, ಹೇಕಾ ಗೌರವವೂ ಉಳಿಯಿತು. ಟಿವಿ, ಪತ್ರಿಕೆಗಳು ಮಾತ್ರ ಸ್ವಲ್ಪ ಸಲಿಗೆಯಿಂದ ಚಕ್ರವರ್ತಿಯ ಮಗಳನ್ನು ‘ಐಕೊ ಸಾಮಾ’ ಎನ್ನುತ್ತವೆ, ಅದು ತಪ್ಪೇನಲ್ಲ.

ಹೊರಗಿನವರು ಜಾಸ್ತಿ ಎಡವುವುದು ಒಂದೇ ಕಡೆ. ಜಪಾನಿನಲ್ಲಿ ಪ್ರತಿ ಚಕ್ರವರ್ತಿಯ ಆಳ್ವಿಕೆಯ ಕಾಲಮಾನಕ್ಕೂ ಒಂದು ಹೆಸರಿರುತ್ತದೆ, ಈಗಿನದು ರೇವಾ, ಹಾಗಾಗಿ ‘ರೇವಾ ತೆನ್ನೋ’ ಅಂದುಬಿಡುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಕಾಲಮಾನದ ಹೆಸರನ್ನು ಚಕ್ರವರ್ತಿಗೆ ಇಡುವುದು ಅವರು ತೀರಿಕೊಂಡ ಮೇಲೆ, 1989ರಲ್ಲಿ ತೀರಿಕೊಂಡ ಹಿರೊಹಿಟೊ ಅವರನ್ನು ‘ಶೋವಾ ತೆನ್ನೋ’ ಎನ್ನುವುದು ಅದಕ್ಕೇ. ಬದುಕಿರುವವರಿಗೆ ಆ ಹೆಸರು ಹಚ್ಚಿದರೆ ಕೇಳಿದವರಿಗೆ ನಿಜಕ್ಕೂ ಕಸಿವಿಸಿಯಾಗುತ್ತದೆ.