ಬೆಳಗಿನ ನಡುಕಕ್ಕೆ ಚಳಿಯನ್ನು ದೂರುವ ಮೊದಲು, ಗಾಡಿ ಎಷ್ಟು ಹೊತ್ತು ನಿಂತಿತ್ತೆಂದು ನೋಡಿ

ಬೆಳಗ್ಗೆ ಸೆಲ್ಫ್ ಹೊಡೆದ ಮೇಲೆ ನಿಮ್ಮ ಡೀಸೆಲ್ ಪಿಕಪ್ ಒಂದೆರಡು ನಿಮಿಷ ನಡುಗಿ, ಬಿಳಿ ಹೊಗೆ ಬಿಟ್ಟು, ಆಮೇಲೆ ತಾನೇ ಸರಿಹೋಗುತ್ತದೆ. ಚಳಿಗೆ ಹೀಗಾಗುತ್ತಿದೆ, ಸ್ಟಾರ್ಟಿಗೆ ಮೊದಲು ಸಿಲಿಂಡರನ್ನು ಬಿಸಿಮಾಡುವ ಹೀಟರ್ ಪ್ಲಗ್ ಬದಲಿಸಲೋ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿಸಲೋ ಎಂದು ಕೇಳಿದ್ದೀರಿ. ಸಿಂಧನೂರಿನಲ್ಲಿ ಭತ್ತದ ಚೀಲ ಹೊರುವ ನನ್ನ ಗಾಡಿಗೂ ಇದೇ ಕಾಯಿಲೆ ಇತ್ತು, ನನ್ನ ಮುಂದೆಯೂ ಇವೇ ಎರಡು ದಾರಿಗಳನ್ನಿಟ್ಟಿದ್ದರು. ನಾನು ಇಂಜೆಕ್ಟರಿನ ದಾರಿ ಹಿಡಿದೆ, ಒಂದು ಸುಗ್ಗಿಯ ಬಾಡಿಗೆಯ ದೊಡ್ಡ ಪಾಲು ಅದಕ್ಕೇ ಹೋಯಿತು.

ಅದು ಏಕೆ ತಪ್ಪು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಭಾರೀ ಒತ್ತಡದ ಡೀಸೆಲ್ ಹೋಗುವ ಕಾಮನ್ ರೇಲ್ ಎಂಜಿನ್ನುಗಳ ಇಂಜೆಕ್ಟರುಗಳಲ್ಲಿ ಹೆಚ್ಚಿನವುಗಳ ಮೇಲೆ ಒಂದೊಂದು ಸಂಕೇತ ಅಚ್ಚಾಗಿರುತ್ತದೆ. ಆ ಇಂಜೆಕ್ಟರ್ ಡೀಸೆಲ್ಲನ್ನು ತುಸು ಹೆಚ್ಚು ಬಿಡುತ್ತದೆಯೋ ಕಡಿಮೆ ಬಿಡುತ್ತದೆಯೋ ಎಂಬ ಲೆಕ್ಕ ಆ ಸಂಕೇತದಲ್ಲಿರುತ್ತದೆ, ಯಾವ ಸಿಲಿಂಡರಿನಲ್ಲಿ ಯಾವುದು ಕೂತಿದೆ ಎಂಬುದನ್ನು ಸ್ಕ್ಯಾನರ್ ಎಂಬ ತಪಾಸಣಾ ಯಂತ್ರದ ಮೂಲಕ ಇಸಿಎಂಗೆ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ, ಬರೆದಿರಬೇಕು. ನಾನು ಕೊಟ್ಟ ಅಂಗಡಿಯಲ್ಲಿ ನಾಲ್ಕನ್ನೂ ಬಿಚ್ಚಿ, ತೊಳೆದು, ಸಾಲು ನೋಡದೆ ಕೂರಿಸಿದರು. ಸಂಕೇತವನ್ನು ಬರೆಯಲಿಲ್ಲ, ಕೆಳಗಿನ ತಾಮ್ರದ ವಾಷರುಗಳನ್ನೂ ಹಳೆಯವನ್ನೇ ಹಾಕಿದರು. ಬೆಳಗ್ಗೆ ಮಾತ್ರ ನಡುಗುತ್ತಿದ್ದ ಗಾಡಿ ಆಮೇಲೆ ಬಿಸಿಯಾದ ಮೇಲೂ ಮಿಸ್ ಹೊಡೆಯತೊಡಗಿತು, ಅಂದರೆ ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ತಪ್ಪತೊಡಗಿತು. ಹಳೆಯ ದೋಷ ಹಾಗೆಯೇ ಇತ್ತು, ಅದರ ಮೇಲೆ ಹೊಸದೊಂದು ಕೂತಿತು, ಎರಡನ್ನೂ ಬೇರ್ಪಡಿಸಿ ನೋಡುವುದೇ ಕಷ್ಟವಾಯಿತು. ಇಂಜೆಕ್ಟರ್ ನಿಜವಾಗಿ ಕೆಟ್ಟಿದ್ದರೆ ಎಂಜಿನ್ ಬಿಸಿಯಾದ ಮೇಲೂ ಸಾಮಾನ್ಯವಾಗಿ ಒಂದಿಷ್ಟು ಕುರುಹು ಉಳಿಯುತ್ತದೆ: ಕಪ್ಪು ಹೊಗೆ, ಬಡಿತ, ಎಳೆತ ಕಡಿಮೆಯಾಗುವುದು. ಎರಡು ನಿಮಿಷದಲ್ಲಿ ಪೂರ್ತಿ ಹದಕ್ಕೆ ಬರುವ ಎಂಜಿನ್ನಿನ ಇಂಜೆಕ್ಟರಿಗೆ ಮೊದಲೇ ಕೈ ಹಾಕಬಾರದು.

ನನಗೆ ದಾರಿ ತೋರಿಸಿದ್ದು ಬೇಸಿಗೆ. ಮೇ ತಿಂಗಳಲ್ಲಿ ಗಂಗಾವತಿಯ ಅಕ್ಕಿ ಗಿರಣಿಯೊಂದರ ಮುಂದೆ ಲೋಡು ಇಳಿಸಲು ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲೇ ನಿಲ್ಲಬೇಕಾಯಿತು. ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು, ಆದರೂ ಸಂಜೆ ಸೆಲ್ಫ್ ಹೊಡೆದಾಗ ಗಾಡಿ ಡಿಸೆಂಬರಿನ ನಸುಕಿನಲ್ಲಿ ನಡುಗಿದ ಹಾಗೆಯೇ ನಡುಗಿತು. ಅಂದ ಮೇಲೆ ಕಾರಣ ಚಳಿಯಲ್ಲ, ನಿಂತ ಹೊತ್ತು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆ ಚಳಿಗಾಲದ ರಾತ್ರಿಗಳು ಡೀಸೆಲ್ ಎಂಜಿನ್ನನ್ನು ಕಾಡುವಷ್ಟು ತಣ್ಣಗಿರುವುದು ಅಪರೂಪ, ಆದ್ದರಿಂದ ಇಲ್ಲಿ ಚಳಿಯನ್ನು ದೂರುವುದನ್ನು ನಾನು ಒಪ್ಪುವುದಿಲ್ಲ.

ಟ್ಯಾಂಕಿನಿಂದ ಎಂಜಿನ್ನಿನ ಹೈ ಪ್ರೆಶರ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಎಳೆದುಕೊಳ್ಳುವ ಗಾಡಿಗಳಲ್ಲಿ, ಆ ದಾರಿಯ ಯಾವುದೋ ಸಂದಿಯಿಂದ ಗಾಳಿ ಒಳಗೆ ಹೋದರೆ, ಗಾಡಿ ನಿಂತಿರುವಾಗ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಹಿಂತಿರುಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಗಾಳಿ ಪೂರ್ತಿ ಹೊರಹೋಗುವವರೆಗೂ ಮಿಸ್ಸಿಂಗ್ ತಪ್ಪದು. ಅಲ್ಲಿ ಒತ್ತಡವಿಲ್ಲ, ಎಳೆತವಿದೆ. ಹೀಗಾಗಿ ನೆಲದ ಮೇಲೆ ಒಂದು ಹನಿಯೂ ಬೀಳದು, ಮೆಕ್ಯಾನಿಕ್ ಸೋರಿಕೆಯೇ ಇಲ್ಲ ಎಂದುಬಿಡುತ್ತಾರೆ. ಪರೀಕ್ಷೆಗೆ ಖರ್ಚಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯಿಂದ ಇಳಿಯುವ ದಾರಿಯಂಥ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು ರಾತ್ರಿ ನಿಲ್ಲಿಸಿರಿ. ಟ್ಯಾಂಕ್ ಎಂಜಿನ್ನಿಗಿಂತ ಮೇಲಾಗುವುದರಿಂದ ಡೀಸೆಲ್ ಹಿಂದೆ ಹೋಗುವುದಿಲ್ಲ. ಬೆಳಗ್ಗೆ ನಡುಕವಿಲ್ಲದೆ ಸ್ಟಾರ್ಟ್ ಆದರೆ ಗಾಳಿಯ ಕಾಟವೇ ಇರಬೇಕು. ಸೋರುವ ಸಂದಿ ಆಗ ಒದ್ದೆಯಾಗಿ ತಾನೇ ಕಾಣಿಸಿಕೊಳ್ಳಲೂಬಹುದು.

ನಾನು ಫಿಲ್ಟರ್ ಮತ್ತು ಪಂಪಿನ ನಡುವೆ, ಡೀಸೆಲ್ ತಾಳುವ ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಹಾಕಿಸಿ ನೋಡಿದೆ. ಸ್ಟಾರ್ಟ್ ಮಾಡುತ್ತಲೇ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲುಗಟ್ಟಿ ಹೋದವು. ಅವು ನಿಂತ ಕ್ಷಣವೇ ನಡುಕವೂ ನಿಂತಿತು. ಗಾಳಿ ಬರುತ್ತಿದ್ದದ್ದು ಫಿಲ್ಟರ್ ತಳದಲ್ಲಿ ನೀರು ತೆಗೆಯುವ ಸ್ಕ್ರೂವಿನ ಓ-ರಿಂಗ್ ಎಂಬ ರಬ್ಬರ್ ಬಳೆಯಿಂದ. ಅದು ಚಪ್ಪಟೆಯಾಗಿ, ಉಗುರು ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿತ್ತು. ಹೊಸ ಓ-ರಿಂಗ್ ಹಾಕಿಸಿದೆ, ಬಾಯಿ ಸೀಳಿದ್ದ ರಬ್ಬರ್ ಪೈಪನ್ನೂ ಕ್ಲಿಪ್ ಸಹಿತ ಬದಲಿಸಿದೆ. ಅಂಗಡಿಯವರು ಸಾಲು ತಪ್ಪಿಸಿ ಕೂರಿಸಿದ್ದ ಇಂಜೆಕ್ಟರುಗಳಿಗೆ ಸಂಕೇತ ಬರೆಸಿ, ಹೊಸ ವಾಷರ್ ಹಾಕಿಸುವ ಕೆಲಸ ಬೇರೆಯೇ ಉಳಿದಿತ್ತು.

ಹೀಟರ್ ಪ್ಲಗ್ಗನ್ನು ನೋಡಲೇಬೇಡಿ ಎನ್ನುವುದಿಲ್ಲ. ವೈರ್ ಕಳಚಿ ಮಲ್ಟಿಮೀಟರ್ ಹಿಡಿದರೆ, ಸರಿಯಿರುವ ಪ್ಲಗ್ ಕೆಲವೇ ಓಮ್‌ಗಳೊಳಗೆ ತೋರಿಸುತ್ತದೆ, ಸುಟ್ಟುಹೋದದ್ದರಲ್ಲಿ ಕರೆಂಟೇ ಹರಿಯುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರ್ ತೋರಿಸುವ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪ ಹೊರಗಿನ ಗಾಳಿಯ ತಾಪಕ್ಕೆ ಹತ್ತಿರವಿರಬೇಕು. ಇಲ್ಲದಿದ್ದರೆ ಆ ತಾಪ ಅಳೆಯುವ ಸೆನ್ಸರ್ ನೋಡಿಸಿ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಅದು ಬೇರೆ ಮಾತು. ಯಾವ ಸಿಲಿಂಡರ್ ಮಿಸ್ ಎಂದು ತಿಳಿಯಲು ಹಳೆಯ ಎಂಜಿನ್ನುಗಳಲ್ಲಿ ಮಾಡುತ್ತಿದ್ದಂತೆ, ಓಡುವ ಎಂಜಿನ್ನಿನ ಇಂಜೆಕ್ಟರ್ ಪೈಪನ್ನು ಸಡಿಲಿಸಲು ಮಾತ್ರ ಯಾರಿಗೂ ಬಿಡಬೇಡಿ. ಕಾಮನ್ ರೇಲಿನ ಒತ್ತಡ ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗಿನಲ್ಲೇ ನೂರಾರು ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು), ಲೋಡಿನಲ್ಲಿ 1,000 ಬಾರ್ ಮೀರುತ್ತದೆ. ಆ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ.

ಓ-ರಿಂಗ್ ಬದಲಿಸಿದ ಮೇಲೆ, ಫಿಲ್ಟರ್ ಮೇಲಿನ ಹ್ಯಾಂಡ್ ಪಂಪನ್ನು ಅದು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆದು, ಆಮೇಲೆಯೇ ಸೆಲ್ಫ್ ಹೊಡೆಯಿರಿ. ಗಾಳಿ ತೆಗೆಯದೆ ಬರೀ ಸೆಲ್ಫ್ ಹೊಡೆಯುತ್ತಿದ್ದರೆ ಡೀಸೆಲ್ಲಿನ ಜಿಡ್ಡಿಲ್ಲದೆ ಹೈ ಪ್ರೆಶರ್ ಪಂಪ್ ಒಣಗಿ ಸವೆಯುತ್ತದೆ, ಬ್ಯಾಟರಿಯೂ ಇಳಿಯುತ್ತದೆ.