ಒಂದೇ ಪುಸ್ತಕ, ಮೂರು ಕಡತ: ಬ್ರೌಸರ್ ಮೂರನ್ನೂ ಬೇರೆ ಬೇರೆಯಾಗಿ ಕಾಣುವುದೇಕೆ?

ನಿಮ್ಮ ತೊಂದರೆ ನನಗೆ ಅರ್ಥವಾಗಿರುವುದು ಹೀಗೆ. ನಿಮ್ಮ ತಾತ ಬರೆದ ಕಥೆಗಳನ್ನು ಟೈಪ್ ಮಾಡಿ, ಸ್ವಂತ ಜಾಲತಾಣದಲ್ಲಿ ಪಿಡಿಎಫ್, ಇಪಬ್ (ಇ-ಪುಸ್ತಕದ ಒಂದು ರೂಪ) ಮತ್ತು ಸರಳ ಪಠ್ಯ ಹೀಗೆ ಮೂರು ರೂಪದಲ್ಲಿ ಇಟ್ಟಿದ್ದೀರಿ. ಪಿಡಿಎಫ್ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುತ್ತದೆ, ಮೊಬೈಲಿನಲ್ಲಿ ಡೌನ್‌ಲೋಡ್ ಆಗುತ್ತದೆ. ಇಪಬ್ ಜಿಪ್ ಕಡತವಾಗಿ, ಅಂದರೆ ಹಲವು ಕಡತಗಳನ್ನು ಒಂದರೊಳಗೆ ಕಟ್ಟಿದ ಗಂಟಾಗಿ ಇಳಿಯುತ್ತದೆ. ಪಠ್ಯದ ಕಡತದಲ್ಲಂತೂ ಕನ್ನಡವೇ ಕಾಣುವುದಿಲ್ಲ. ಓದುಗರಿಗೆ ಬೇರೆ ಬ್ರೌಸರ್ ಹಾಕಿಕೊಳ್ಳಲು ಹೇಳಬೇಕೆ ಎಂದು ಕೇಳಿದ್ದೀರಿ.

ದಯವಿಟ್ಟು ಹೇಳಬೇಡಿ. ಒಂದು ಚಿಕ್ಕ ಪತ್ರಿಕೆಯ ಜಾಲತಾಣವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕನ್ನಡ ಓದಲು ಬಂದವರಿಗೆ ಬ್ರೌಸರ್ ಸೆಟ್ಟಿಂಗ್ ತಿದ್ದುವ ಕೆಲಸ ಹಚ್ಚಿದರೆ ಹತ್ತರಲ್ಲಿ ಒಬ್ಬರೂ ಮರಳಿ ಬರುವುದಿಲ್ಲ ಎಂಬುದು ನನ್ನ ನಂಬಿಕೆ. ಸರಿಪಡಿಸಬೇಕಾದದ್ದು ನಿಮ್ಮ ಸರ್ವರಿನಲ್ಲಿ, ಅಂದರೆ ನಿಮ್ಮ ಜಾಲತಾಣದ ಕಡತಗಳನ್ನು ಓದುಗರಿಗೆ ಕಳಿಸುವ ಕಂಪ್ಯೂಟರಿನಲ್ಲಿದೆ.

ಜಾಲದಿಂದ ಬಂದ ಕಡತ ಯಾವ ಬಗೆಯದು ಎಂದು ತೀರ್ಮಾನಿಸಲು ಬ್ರೌಸರ್ ಮುಖ್ಯವಾಗಿ ಅದರ ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರಗಳನ್ನು ನಂಬುವುದಿಲ್ಲ. ಕಡತಕ್ಕಿಂತ ಮೊದಲು ಸರ್ವರ್ ಒಂದು ಚೀಟಿ ಕಳಿಸುತ್ತದೆ, ಅದರಲ್ಲಿ ಕಂಟೆಂಟ್-ಟೈಪ್ ಎಂಬ ಸಾಲು ಇರುತ್ತದೆ. ಬ್ರೌಸರ್ ನಂಬುವುದು ಆ ಸಾಲನ್ನು. ಈ ಬಗೆಯ ಹೆಸರುಗಳಿಗೆ ಮೈಮ್ ಟೈಪ್ ಎನ್ನುತ್ತಾರೆ. 1992ರಲ್ಲಿ ಇಮೇಲ್‌ನೊಳಗೆ ಚಿತ್ರ, ಧ್ವನಿ ಕಳಿಸಲೆಂದು ರೂಪಿಸಿದ ಕ್ರಮವಿದು. ಚೀಟಿ ನೋಡಲು ಕಂಪ್ಯೂಟರಿನ ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಪುಟವನ್ನು ಮತ್ತೆ ತೆರೆದು, ಕಡತದ ಹೆಸರಿನ ಮೇಲೆ ಕ್ಲಿಕ್ ಮಾಡಿ. ಬೇರೇನನ್ನು ಮುಟ್ಟುವ ಮೊದಲು ಮೂರೂ ಕಡತಗಳಿಗೆ ಆ ಸಾಲು ಏನು ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ.

ಇಪಬ್‌ಗೆ ಆ ಸಾಲು ಇಲ್ಲದೇ ಇರಬಹುದು, ಅಥವಾ ಜಿಪ್ ಎಂದೇ ಇರಬಹುದು. ಸಾಲು ಇಲ್ಲದಿದ್ದಾಗ ಬ್ರೌಸರ್ ಕಡತದ ಮೊದಲ ಕೆಲವು ಬೈಟ್‌ಗಳನ್ನು ನೋಡಿ ಊಹಿಸುತ್ತದೆ. ನಿಮ್ಮ ಇಪಬ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ: ಮೊದಲೆರಡು ಅಕ್ಷರ ಪಿ ಮತ್ತು ಕೆ. ಜಿಪ್ ರೂಪವನ್ನು ತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಇಪಬ್ ಎಂದರೆ ಒಳಗೆ ಜಿಪ್ಪೇ. ಸರಿಯಾಗಿ ಕಟ್ಟಿದ ಇಪಬ್ ಆದರೆ ತುಸು ಮುಂದೆ ‘ಅಪ್ಲಿಕೇಶನ್/ಇಪಬ್+ಜಿಪ್’ ಎಂದು ಅದರ ನಿಜವಾದ ಬಗೆಯೂ ಕಾಣುತ್ತದೆ. ಆದರೆ ಬ್ರೌಸರಿನ ಊಹೆ ಆ ಎರಡು ಅಕ್ಷರಗಳ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಒಳಗೆ ಕಂಡ ಇದೇ ಮೈಮ್ ಟೈಪನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ಇದ್ದದ್ದು ಇದ್ದ ಹಾಗೆ, ಇಪಬ್ ಎಂಬ ವಿಸ್ತರಣೆಗೆ (ಕಡತದ ಹೆಸರಿನ ಕೊನೆಯ ಭಾಗ) ಸರ್ವರಿನಲ್ಲಿ ಸೇರಿಸಿ. ಹೋಸ್ಟಿಂಗ್ ಕೊಟ್ಟವರ ನಿಯಂತ್ರಣ ಫಲಕದಲ್ಲಿ ಮೈಮ್ ಟೈಪ್ಸ್ ಎಂಬ ಜಾಗ ಇದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಅವರಿಗೇ ಬರೆದು ಕೇಳಿ. ಈಗಾಗಲೇ ಇಳಿಸಿಕೊಂಡವರು ಹೆಸರಿನ ಕೊನೆಯ ಜಿಪ್ ಅಳಿಸಿ ಇಪಬ್ ಎಂದು ಬರೆದರೆ ಸಾಕು, ಒಳಗಿನ ಪುಸ್ತಕಕ್ಕೆ ಏನೂ ಆಗಿರುವುದಿಲ್ಲ.

ಪಠ್ಯದ ಕಡತವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅಲ್ಲಿ ಕನ್ನಡಕ್ಕೆ ಎರಡು ಬೇರೆ ಬೇರೆ ಕಾಯಿಲೆಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಪರದೆಯ ಮೇಲೆ ತಲೆಗೆ ಓರೆಗೀಟಿರುವ ಸಣ್ಣ ಇಂಗ್ಲಿಷ್ ಎ, ಅದರ ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲು ಸಾಲಾಗಿ ಬರುತ್ತಿದ್ದರೆ ಸಮಾಧಾನಪಡಿ. ನಿಮ್ಮ ಕಡತ ಯೂನಿಕೋಡ್‌ನಲ್ಲೇ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಕ್ರಮ) ಇದೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ವಿಧಾನದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ 3 ಬೈಟ್ ಬೇಕು. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡೇ ಬಗೆಯದು. ಚೀಟಿಯಲ್ಲಿ ಲಿಪಿ ಸಂಕೇತದ ಮಾತೇ ಇಲ್ಲದಿರುವಾಗ ಬ್ರೌಸರ್ ಅವನ್ನು ಹಳೆಯ ಪಾಶ್ಚಾತ್ಯ ಸಂಕೇತವೆಂದು ತಿಳಿದು, ಬೈಟ್‌ಗೊಂದು ಅಕ್ಷರದಂತೆ ತೋರಿಸುತ್ತದೆ. ಕಂಟೆಂಟ್-ಟೈಪ್ ಸಾಲಿನ ಕೊನೆಗೆ ಚಾರ್‌ಸೆಟ್ ಯುಟಿಎಫ್-8 ಎಂದು ಸೇರಿಸಿದರೆ ಕಥೆ ಓದಲು ಬರುತ್ತದೆ. ಸರ್ವರ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೂ ದಾರಿ ಇದೆ: ನೋಟ್‌ಪ್ಯಾಡ್‌ನಲ್ಲಿ ಸೇವ್ ಆ್ಯಸ್ ಒತ್ತಿ, ಎನ್‌ಕೋಡಿಂಗ್ ಎಂಬಲ್ಲಿ ‘ಯುಟಿಎಫ್-8 ವಿತ್ ಬಿಒಎಂ’ ಆರಿಸಿ ಉಳಿಸಿ. ಬಿಒಎಂ ಎಂದರೆ ಕಡತದ ಮೊದಲಲ್ಲಿ ಕೂರುವ 3 ಬೈಟ್‌ಗಳ ಗುರುತು, ಅದನ್ನು ಕಂಡರೆ ಬ್ರೌಸರ್‌ಗೆ ಚೀಟಿಯ ನೆರವೂ ಬೇಕಾಗುವುದಿಲ್ಲ.

ಹಾಗಲ್ಲದೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ದೊಡ್ಡ ಪಿ, ಓರೆಗೀಟಿನ ದೊಡ್ಡ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಹೀಗೆ ಕಾಣುತ್ತಿದ್ದರೆ ಅದು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಎಂಬ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅಲ್ಲಿ ಕಡತದೊಳಗೇ ಕನ್ನಡವಿಲ್ಲ, ಕನ್ನಡದ ಆಕಾರ ತೊಟ್ಟ ಇಂಗ್ಲಿಷ್ ಸಂಕೇತಗಳಿವೆ. ಯಾವ ಚೀಟಿ ಹಚ್ಚಿದರೂ ಅದು ಸರಿಹೋಗದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ, ಆಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮೂಲದ ಜೊತೆ ಹೋಲಿಸಿ ಓದಿ. ತಾತನ ಕಥೆ, ತಪ್ಪು ಉಳಿಯಬಾರದು.

ಪಿಡಿಎಫ್ ಬಗ್ಗೆ ಚಿಂತೆ ಬೇಡ. ಕಂಪ್ಯೂಟರಿನ ಬ್ರೌಸರ್‌ಗಳಲ್ಲಿ ಪಿಡಿಎಫ್ ತೋರಿಸುವ ಸೌಲಭ್ಯ ಒಳಗೇ ಇದೆ (ಫೈರ್‌ಫಾಕ್ಸ್‌ಗೆ ಅದು 2013ರಲ್ಲಿ ಬಂತು), ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಬಹುಕಾಲ ಇರಲಿಲ್ಲ. ಲ್ಯಾಪ್‌ಟಾಪಿನಲ್ಲೂ ತೆರೆಯದೆ ಇಳಿಯತೊಡಗಿದರೆ ಮಾತ್ರ ಚೀಟಿಯಲ್ಲಿ ಕಂಟೆಂಟ್-ಡಿಸ್ಪೊಸಿಷನ್ ಎಂಬ ಸಾಲು ‘ಅಟ್ಯಾಚ್‌ಮೆಂಟ್’ ಎನ್ನುತ್ತಿದೆಯೇ ನೋಡಿ.

ತಿದ್ದಿದ ಮೇಲೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ (ಇನ್‌ಕಾಗ್ನಿಟೊ) ತೆರೆದು ಪರೀಕ್ಷಿಸಿ. ಬ್ರೌಸರ್ ಕಡತದ ಜೊತೆ ಹಳೆಯ ಚೀಟಿಯನ್ನೂ ಕ್ಯಾಶ್ ಎಂಬ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಂಡಿರುತ್ತದೆ. ಇದು ತಿಳಿಯದೆ, ಸರಿಯಾಗಿಯೇ ಇದ್ದ ಸರ್ವರನ್ನು ನಾನು ಒಂದು ಮಧ್ಯಾಹ್ನವಿಡೀ ಮತ್ತೆ ಮತ್ತೆ ತಿದ್ದಿದ್ದೆ. ಇಷ್ಟಾದ ಮೇಲೂ ಇಪಬ್ ಜಿಪ್ ಆಗಿಯೇ ಇಳಿದರೆ, ಕಂಟೆಂಟ್-ಟೈಪ್ ಸಾಲನ್ನು ನಕಲು ಮಾಡಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.